ಅಗ್ಗದ ಕಾರಿನ ದುಬಾರಿ ಹೊಳಪು

ಬ್ರಿಟನ್ನಿನ ಹಳೆಯ ಕಾರುಗಳ ಹರಾಜಿನ ಕ್ಯಾಟಲಾಗು ಕೈಗೆ ಸಿಕ್ಕರೆ ಅದರಲ್ಲಿ ಆಸ್ಟಿನ್-ಹೀಲಿ ಸ್ಪ್ರೈಟ್ ಒಂದಾದರೂ ಇರುತ್ತದೆ ಎಂದು ಪಂದ್ಯ ಕಟ್ಟಬಹುದು. ಬಾನೆಟ್ಟಿನ ಮೇಲೆ ಎದ್ದು ಕೂತ ಎರಡು ದುಂಡು ಹೆಡ್‌ಲೈಟು, ಅವುಗಳ ಕೆಳಗೆ ಹಲ್ಲು ಬಿಟ್ಟು ನಕ್ಕಂತಿರುವ ಗ್ರಿಲ್. ಇಂಗ್ಲೆಂಡಿನವರು ಇದನ್ನು ಫ್ರಾಗ್‌ಐ ಎಂದರು, ಅಮೆರಿಕದವರು ಬಗ್‌ಐ ಎಂದರು. ಫೋಟೊ ತೆಗೆಯುವವನಿಗೆ ಇಷ್ಟು ಸಲೀಸಾದ ಮುಖ ಬೇರೆ ಸಿಗದು. ಫೋಟೊದ ಕೆಳಗೆ ಬರುವ ವರ್ಣನೆಯೂ ಹೆಚ್ಚುಕಡಿಮೆ ಒಂದೇ ಅಚ್ಚಿನದು: ಮುದ್ದಾದ ಕಾರು, ನಟ್ಟುಬೋಲ್ಟು ಬಿಚ್ಚಿ ಹೊಸದಾಗಿ ಕಟ್ಟಿದ್ದು, ಬೆಲೆ ಏರುವುದೇ ಹೊರತು ಇಳಿಯುವುದಿಲ್ಲ. ಕಾರಿನ ಬಗ್ಗೆ ನನಗೆ ತಕರಾರಿಲ್ಲ. ಈ ವರ್ಣನೆಯ ಬಗ್ಗೆ ಇದೆ.

ಸ್ಪ್ರೈಟ್ ಹೊರಜಗತ್ತಿಗೆ ಮುಖ ತೋರಿಸಿದ್ದು 1958ರ ಮೇ 20ರಂದು, ಮಾಂಟೆ ಕಾರ್ಲೊದಲ್ಲಿ. ವಿನ್ಯಾಸ ವಾರಿಕ್‌ನ ಡೊನಾಲ್ಡ್ ಹೀಲಿ ಕಂಪನಿಯದು. ತಯಾರಿ ಎಂಜಿ ಕಾರುಗಳ ಅಬಿಂಗ್ಡನ್ ಕಾರ್ಖಾನೆಯಲ್ಲಿ. ದುಡ್ಡು ಹಾಕಿದ್ದು ಬಿಎಂಸಿ. ಆಸ್ಟಿನ್ ಮತ್ತು ಮಾರಿಸ್ 1952ರಲ್ಲಿ ಕೂಡಿ ಆದ ಕಂಪನಿ ಇದು. ನಮ್ಮ ಅಂಬಾಸಿಡರ್‌ಗೆ ಮೂಲವಾದ ಮಾರಿಸ್ ಆಕ್ಸ್‌ಫರ್ಡ್ ಕೂಡ ಇದೇ ಮನೆಯ ಕೂಸು. ಸಂಬಳದ ಮೇಲೆ ಬದುಕುವ ಹುಡುಗನೊಬ್ಬ ಸೈಕಲ್ ಶೆಡ್ಡಿನಲ್ಲಿ ನಿಲ್ಲಿಸಿಕೊಳ್ಳಬಹುದಾದ ಸ್ಪೋರ್ಟ್ಸ್ ಕಾರು ಬೇಕು ಎನ್ನುವುದು ಹೀಲಿಯ ಆಸೆಯಾಗಿತ್ತಂತೆ. ತೆರಿಗೆ ಸೇರಿ 669 ಪೌಂಡಿಗೆ ಅದು ಸಿಕ್ಕಿತು. 1961ರಲ್ಲಿ ಮುಖ ಬದಲಾಗುವ ತನಕ ತಯಾರಾದವು ಸುಮಾರು 49,000.

ಅಗ್ಗ ಮಾಡುವ ಸುಲಭದ ದಾರಿ ಎಲ್ಲರಿಗೂ ಗೊತ್ತು: ತಗಡು ತೆಳುವಾಗಿಸು, ಬಣ್ಣ ಒಂದು ಕೋಟು ಕಡಿಮೆ ಮಾಡು. ಹೀಲಿಯವರು ಹಿಡಿದದ್ದು ಬೇರೆ ದಾರಿ. ಕಾರಿನಿಂದ ಒಂದೊಂದೇ ವಸ್ತುವನ್ನು ತೆಗೆದುಹಾಕಿದರು, ತೆಗೆದ ಜಾಗದಿಂದ ಇನ್ನೊಂದು ಕೆಲಸ ಮಾಡಿಸಿಕೊಂಡರು. ಡಿಕ್ಕಿಗೆ ಮುಚ್ಚಳವೇ ಇಲ್ಲ. ಸ್ಟೆಪ್ನಿ ಬೇಕೆಂದರೆ ಸೀಟಿನ ಹಿಂದಿನ ಕತ್ತಲೆಯೊಳಗೆ ತಲೆ ತೂರಿಸಿ, ಕೈ ಚಾಚಿ, ಚಕ್ರವನ್ನು ಎಳೆದು ತರಬೇಕು. ಬಿಳಿ ಅಂಗಿ ತೊಟ್ಟ ದಿನ ಪಂಕ್ಚರ್ ಆಗದಿರಲಿ. ಆದರೆ ಹಿಂಬದಿಯ ತಗಡಿನಲ್ಲಿ ಮುಚ್ಚಳದ ಗಾತ್ರದ ತೂತು ಇಲ್ಲದ್ದರಿಂದಲೇ ಕಾರಿನ ಬೆನ್ನು ಬಿಗಿಯಾಗಿ ನಿಂತಿತು. ಬಾಗಿಲಿಗೆ ಹೊರಗಡೆ ಹಿಡಿಯೇ ಇಲ್ಲ. ಕೈಯನ್ನು ಒಳಕ್ಕೆ ಇಳಿಬಿಟ್ಟು ಚಿಲಕ ಎಳೆಯಬೇಕು. ಏರಿಸಿ ಇಳಿಸುವ ಗಾಜೂ ಇಲ್ಲ, ಕಳಚಿಡುವ ಸೈಡ್‌ಸ್ಕ್ರೀನ್ ಮಾತ್ರ. ಗಾಜು ಇಲ್ಲ, ಅದನ್ನು ಎತ್ತುವ ಯಂತ್ರವೂ ಇಲ್ಲ. ಬಾಗಿಲು ಒಳಗೆ ಟೊಳ್ಳು. ಆ ಟೊಳ್ಳಿನಲ್ಲಿ ಮೊಣಕೈ ಆರಾಮವಾಗಿ ಕೂರುತ್ತದೆ, ನಕಾಶೆ, ಕೈಗವಸು ಕೂಡ. ಇಷ್ಟು ಕಿರಿದಾದ ಕಾರಿನಲ್ಲಿ ಇಬ್ಬರು ದೊಡ್ಡವರು ಭುಜಕ್ಕೆ ಭುಜ ತಾಗಿಸದೆ ಕೂರಲು ಸಾಧ್ಯವಾಗಿರುವುದು ಈ ಇಲ್ಲದ ಗಾಜಿನ ಕೃಪೆಯಿಂದ.

ಕಣ್ಣುಗಳ ಕಥೆಯೂ ಅದೇ. ವಿನ್ಯಾಸಕ ಗೆರ್ರಿ ಕೋಕರ್ ಮೊದಲು ಬರೆದದ್ದು ಬಾನೆಟ್ಟಿನಲ್ಲಿ ಮಲಗಿರುವ, ಬೇಕಾದಾಗ ಏಳುವ ದೀಪಗಳನ್ನು. ಏಳಿಸುವ ಯಂತ್ರ ದುಬಾರಿಯಾಯಿತು. ದೀಪಗಳು ಎದ್ದ ಭಂಗಿಯಲ್ಲೇ ಕಾಯಂ ನಿಂತವು. ಇಂದು ಯಾವ ಮುಖಕ್ಕಾಗಿ ಜನ ಸವಾಲು ಏರಿಸುತ್ತಾರೋ ಅದು ಲೆಕ್ಕದ ಪುಸ್ತಕದಲ್ಲಿ ಹುಟ್ಟಿದ್ದು.

ಯಂತ್ರಭಾಗಗಳು ಬಹುಪಾಲು ಎರವಲು. ಆಸ್ಟಿನ್ ಎ35ರ 948 ಸಿಸಿ ಎಂಜಿನ್, ಎರಡು ಎಸ್‌ಯು ಕಾರ್ಬ್ಯುರೇಟರ್ ಕೂರಿಸಿದ ಮೇಲೆ 43 ಅಶ್ವಶಕ್ತಿ. ಮುಂದಿನ ಸಸ್ಪೆನ್ಶನ್ ಕೂಡ ಎ35ದ್ದೇ. ಸ್ಟೀರಿಂಗಿನ ರ್‍ಯಾಕ್ ಮಾರಿಸ್ ಮೈನರ್‌ನದು. ಮುಂದಿನ ಮಡ್‌ಗಾರ್ಡೂ ಬಾನೆಟ್ಟೂ ಒಂದೇ ತಗಡು. ಅದನ್ನು ಎತ್ತಿದರೆ ಕಾರಿನ ಅರ್ಧ ಮುಖವೇ ಮೇಲೇಳುತ್ತದೆ, ಎಂಜಿನ್ ಮೂರು ಕಡೆಯಿಂದ ಕೈಗೆ ಸಿಗುತ್ತದೆ. ನಮ್ಮ ಅಂಬಾಸಿಡರ್ ಮೆಕ್ಯಾನಿಕ್ ಒಬ್ಬನನ್ನು ಇದರ ಮುಂದೆ ನಿಲ್ಲಿಸಿ, ಯಾವುದನ್ನೂ ಪರಿಚಯ ಮಾಡಿಕೊಡಬೇಕಾಗಿಲ್ಲ. ಬಾನೆಟ್ ಭಾರ ಮಾತ್ರ ವಿಪರೀತ. ಆಧಾರದ ಕೋಲು ಜಾರಿದರೆ ಬೆನ್ನಿಗೆ ಬೀಳುವ ಏಟು ಮರೆಯುವಂಥದ್ದಲ್ಲ.

ವೇಗವೆಂದರೆ ಹೇಳಿಕೊಳ್ಳುವಂಥದ್ದಲ್ಲ. ಗಂಟೆಗೆ 60 ಮೈಲಿ ಮುಟ್ಟಲು 20 ಸೆಕೆಂಡು ಬೇಕು. ಆದರೆ ತೂಕ 700 ಕಿಲೋ ಕೂಡ ಇಲ್ಲ, ಸ್ಟೀರಿಂಗ್ ಒಂದು ತುದಿಯಿಂದ ಇನ್ನೊಂದು ತುದಿಗೆ ಎರಡೂವರೆ ಸುತ್ತೂ ಬೇಡ. ಹೀಗಾಗಿ ಅಂಕುಡೊಂಕು ರಸ್ತೆಯಲ್ಲಿ ದೊಡ್ಡ ಕಾರುಗಳಿಗೆ ಇದು ಕಾಟ ಕೊಡುತ್ತಿತ್ತು. 1958ರ ಆಲ್ಪೈನ್ ರ್‍ಯಾಲಿಯಲ್ಲಿ ತನ್ನ ವರ್ಗ ಗೆದ್ದಿತು. ಮರುವರ್ಷ ಅಮೆರಿಕದ ಸೀಬ್ರಿಂಗ್‌ನ 12 ಗಂಟೆಗಳ ಓಟದಲ್ಲಿ ತನ್ನ ವರ್ಗದ ಮೊದಲ ಮೂರು ಸ್ಥಾನ. ಹಿಂದಿನ ಚಕ್ರಗಳು ಮಾತ್ರ ತಿರುವಿನಲ್ಲಿ ತಾವೂ ಒಂದಿಷ್ಟು ಸ್ಟೀರಿಂಗ್ ಮಾಡುತ್ತವೆ. ಹೊಸಬನಿಗೆ ಭಯ, ಹಳಬನಿಗೆ ಮಜಾ. ಅದಕ್ಕೆ ಕಾರಣ ಹಿಂದಿನ ಲೀಫ್ ಸ್ಪ್ರಿಂಗುಗಳು. ಪೂರ್ತಿ ಕಮಾನಿನ ಅರ್ಧವಷ್ಟೇ ಇಲ್ಲಿದೆ: ದಪ್ಪ ತುದಿ ಸೀಟಿನ ಹಿಂದೆ ನೆಲದ ತಗಡಿನಲ್ಲಿರುವ ಪೆಟ್ಟಿಗೆಯೊಳಗೆ ಬಿಗಿದಿರುತ್ತದೆ, ಸಣ್ಣ ತುದಿ ಆಕ್ಸಲ್ ಹಿಡಿದಿರುತ್ತದೆ. ಆಕ್ಸಲ್ಲಿನ ಹಿಂದೆ ಗಟ್ಟಿ ಚಾಸಿಯೇ ಬೇಡವಾಯಿತು, ತೂಕ ಇಳಿಯಿತು. ಹಿಂದಿನ ಭಾರವೆಲ್ಲ ಬಂದು ಬಿದ್ದದ್ದು ಆ ಎರಡು ಪೆಟ್ಟಿಗೆಗಳ ಮೇಲೆ.

ಹರಾಜಿನ ಬಗ್ಗೆ ನನ್ನ ದೂರು ಶುರುವಾಗುವುದೇ ಈ ಪೆಟ್ಟಿಗೆಗಳಿಂದ. ಸ್ಪ್ರೈಟ್‌ಗೆ ಚಾಸಿ ಬೇರೆ, ಬಾಡಿ ಬೇರೆ ಇಲ್ಲ; ತಗಡೇ ಅಸ್ಥಿಪಂಜರ. ಬಾಗಿಲ ಕೆಳಗಿನ ಸಿಲ್, ನೆಲದ ತಗಡು, ಸ್ಪ್ರಿಂಗ್ ಪೆಟ್ಟಿಗೆ ಇವು ತುಕ್ಕು ತಿಂದರೆ ಮೇಲಿನ ಬಣ್ಣ ಎಷ್ಟೇ ಕನ್ನಡಿಯಂತಿರಲಿ, ಕಾರು ಮುಗಿದಂತೆ. ಕ್ಯಾಟಲಾಗಿನಲ್ಲಿ ಕಾಣುವುದು ಸ್ಟೀರಿಂಗ್ ಚಕ್ರ, ಸೀಟಿನ ಹೊಲಿಗೆ, ಗ್ರಿಲ್ಲಿನ ಕ್ರೋಮು. ಕಾರಿನ ಹೊಟ್ಟೆಯಡಿಯ ಫೋಟೊ ಅಪರೂಪ. ನೋಡುವ ದಿನ ಕಾರ್ಪೆಟ್ಟಿನ ಮೇಲೆ ನೆಲಕ್ಕಂಟಿದಂತೆ ನಿಂತ ಕಾರಿನಡಿ ಇಣುಕಲು ಜಾಗವೂ ಇರುವುದಿಲ್ಲ, ಓಡಿಸಿ ನೋಡುವ ಮಾತಂತೂ ದೂರ. ಮಾಲು ಇದ್ದ ಸ್ಥಿತಿಯಲ್ಲಿ, ಆಮೇಲೆ ತಕರಾರು ಮಾಡುವಂತಿಲ್ಲ. ಸುತ್ತಿಗೆ ಬಿದ್ದ ಬೆಲೆಯ ಮೇಲೆ ಕೊಳ್ಳುವವನಿಂದ ಕಮಿಷನ್, ಆ ಕಮಿಷನ್ನಿನ ಮೇಲೆ ತೆರಿಗೆ, ಮಾರುವವನಿಂದಲೂ ಕಮಿಷನ್. ಇಬ್ಬರಿಂದಲೂ ವಸೂಲಿ ಮಾಡುವವರು ಒಂದು ಜ್ಯಾಕ್ ಹಾಕಿ ನಾಲ್ಕು ಫೋಟೊ ತೆಗೆಯಬಾರದೇಕೆ?

ಸರ್ಕಾರದ ತಪಾಸಣೆ ಇದೆಯಲ್ಲ ಎನ್ನುವಂತೆಯೂ ಇಲ್ಲ. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ವಾರ್ಷಿಕ ಎಂಒಟಿ ಪರೀಕ್ಷೆಯ ಕಡ್ಡಾಯ ತಪ್ಪಿತು. ಜಾರಿಗೆ ಬಂದದ್ದು 2018ರ ಮೇ 20ರಂದು, ಸ್ಪ್ರೈಟ್‌ನ ಅರವತ್ತನೇ ಹುಟ್ಟುಹಬ್ಬದ ದಿನ! ಕಾಕತಾಳೀಯವೇ ಸರಿ, ಆದರೆ ಉಡುಗೊರೆ ಮಾರುವವನಿಗೆ ಸಿಕ್ಕಿತು.

ಕಣ್ಣಿದ್ದವನಿಗೆ ಕಾರ್ಪೆಟ್ಟಿನ ಮೇಲೂ ಕೆಲವು ಗುಟ್ಟು ಸಿಗುತ್ತವೆ. ಮೇಲ್ಛಾವಣಿ ಇಲ್ಲದ ಕಾರಿನ ಸಿಲ್ ಕತ್ತರಿಸಿ ಹೊಸದು ಬೆಸೆಯುವಾಗ ಬಾಗಿಲ ಜಾಗಕ್ಕೆ ಅಡ್ಡ ಕಂಬಿ ಕೊಡದಿದ್ದರೆ ಬಾಡಿ ನಡುವೆ ಕುಸಿಯುತ್ತದೆ. ಕುಸಿದದ್ದು ಬಾಗಿಲ ಸಂದಿಯಲ್ಲಿ ಕಾಣುತ್ತದೆ: ಕೆಳಗೆ ಬೆರಳು ಹೋಗುವಷ್ಟು ಅಗಲ, ಮೇಲೆ ಬರಬರುತ್ತ ಕಿರಿದು. ಯಾವ ಬಣ್ಣವೂ ಅದನ್ನು ಮುಚ್ಚಲಾರದು. ಬಾನೆಟ್ಟಿಗೆ ಅಯಸ್ಕಾಂತ ತಾಗಿಸಿ ನೋಡಿದರೆ ತಗಡೋ ಫೈಬರ್ರೋ ತಿಳಿಯುತ್ತದೆ. ಭಾರಕ್ಕೂ ತುಕ್ಕಿಗೂ ಬೇಸತ್ತು ಫೈಬರ್ ಕೂರಿಸಿದವರು ಬಹಳ. ಹಿಂದಿನ ಕಾರ್ಪೆಟ್ ಎತ್ತಿದರೆ ಸ್ಪ್ರಿಂಗ್ ಪೆಟ್ಟಿಗೆಯ ಸುತ್ತ ಹೊಸ ವೆಲ್ಡಿಂಗ್, ಅದರ ಮೇಲೆ ದಪ್ಪಗೆ ಬಳಿದ ಕರಿ ಅಂಡರ್‌ಸೀಲ್. ಆ ಕರಿ ಬಣ್ಣ ಎಲ್ಲಿ ಹೆಚ್ಚು ತಾಜಾ ಇರುತ್ತದೋ ಅಲ್ಲಿ ನನಗೆ ಅನುಮಾನವೂ ಅಷ್ಟೇ ತಾಜಾ.

ಹರಾಜಿನವರು ಹೆಚ್ಚು ಮೆರೆಸುವುದು ಕಾಗದಪತ್ರ. ಗೇಡನ್‌ನ ಬ್ರಿಟಿಷ್ ಮೋಟಾರ್ ಮ್ಯೂಸಿಯಂನಲ್ಲಿ ಕಾರ್ಖಾನೆಯ ದಾಖಲೆಗಳಿವೆ. ಕಾರು ಯಾವ ದಿನ ಹೊರಬಿತ್ತು, ಯಾವ ಬಣ್ಣ, ಎಂಜಿನ್ ನಂಬರು ಯಾವುದು, ಹೀಟರ್ ಹಾಕಿಸಿಕೊಂಡಿದ್ದರೇ ಎಂಬುದಕ್ಕೆ ಪ್ರಮಾಣಪತ್ರ ಸಿಗುತ್ತದೆ. (ಹೀಟರ್‌ಗೆ ಬೇರೆ ದುಡ್ಡು, ಎಂಜಿನ್ನಿನ ಸುತ್ತು ತೋರಿಸುವ ಮೀಟರಿಗೂ ಬೇರೆ ದುಡ್ಡು.) ಈ ದಾಖಲೆಗಳನ್ನು ಜೋಪಾನ ಮಾಡಿದ್ದು ದೊಡ್ಡ ಕೆಲಸ, ಅದಕ್ಕೆ ಶರಣು. ಆದರೆ ಎಂಜಿನ್ ನಂಬರು ತಾಳೆಯಾದರೆ ಬೆಲೆ ಏರುವ, ಇಲ್ಲದಿದ್ದರೆ ಇಳಿಯುವ ಲೆಕ್ಕವನ್ನು ಈ ಕಾರಿಗೆ ಹಚ್ಚುವುದು ನನಗೆ ಒಪ್ಪಿಗೆಯಿಲ್ಲ. ಸ್ಪ್ರೈಟ್ ಹುಟ್ಟಿದ ವರ್ಷದಿಂದಲೇ ಜನ ಅದನ್ನು ಬಿಚ್ಚಿ ತಿದ್ದತೊಡಗಿದ್ದರು. ರೇಸ್ ಚಾಲಕ ಗ್ರಹಾಂ ಹಿಲ್ ಸೇರಿಕೊಂಡಿದ್ದ ಸ್ಪೀಡ್‌ವೆಲ್ ಕಂಪನಿಯ ವ್ಯಾಪಾರ ಇಂಥ ಕಾರುಗಳನ್ನು ಚುರುಕುಗೊಳಿಸುವುದು. ಮುಂದೆ ಇದೇ ವಂಶದಲ್ಲಿ 1098 ಸಿಸಿ, 1275 ಸಿಸಿ ಎಂಜಿನ್‌ಗಳು ಬಂದವು, ಮುಂದಿನ ಚಕ್ರಕ್ಕೆ ಡಿಸ್ಕ್ ಬ್ರೇಕ್ ಬಂತು. ಹಳೆಯ ಕಾರಿಗೆ ಅವು ಹೆಚ್ಚು ತಕರಾರಿಲ್ಲದೆ ಕೂರುತ್ತವೆ. ಹಾಗೆ ಕೂರಿಸಿದ್ದು ಆ ಕಾರಿನ ಇತಿಹಾಸವೇ ಹೊರತು ಕಳಂಕವಲ್ಲ. ಕ್ಯಾಟಲಾಗಿಗೆ ಮಾತ್ರ ಎರಡು ನಾಲಿಗೆ: ಒಂದು ಪುಟದ ಕಾರಿನಲ್ಲಿ ಡಿಸ್ಕ್ ಬ್ರೇಕ್ ಜಾಣ ಸುಧಾರಣೆ, ಮುಂದಿನ ಪುಟದ್ದರಲ್ಲಿ ಡ್ರಮ್ ಬ್ರೇಕ್ ಮಡಿ.

ಹರಾಜಿನಿಂದ ಉಪಕಾರವಾಗಿಲ್ಲ ಎನ್ನಲಾರೆ. ಬೆಲೆ ಬಂದದ್ದರಿಂದಲೇ ತಗಡಿನ ಭಾಗಗಳನ್ನು ಹೊಸದಾಗಿ ಮಾಡುವವರು ಉಳಿದರು. ಬೆಲೆ ಬರದ ಅದೇ ಕಾಲದ ಎಷ್ಟೋ ಮನೆಬಳಕೆಯ ಕಾರುಗಳು ಗುಜರಿಗೆ ಹೋದವು. ಎಂಜಿನ್ ಕೊಟ್ಟ ಎ35ಕ್ಕೆ ಸಿಗದ ಮರ್ಯಾದೆ ಎಂಜಿನ್ ಪಡೆದ ಸ್ಪ್ರೈಟ್‌ಗೆ ಸಿಕ್ಕಿತು. ಆದರೆ ಹತ್ತು ಸಾವಿರ ಪೌಂಡ್ ದಾಟಿದ ಕಾರನ್ನು ಮಳೆಯಲ್ಲಿ ಹೊರತೆಗೆಯುವ ಧೈರ್ಯ ಎಷ್ಟು ಜನಕ್ಕಿದೆ? ಒರೆಸಿ, ಮುಚ್ಚಿ, ಐದು ವರ್ಷ ಬಿಟ್ಟು ಮತ್ತೆ ಹರಾಜಿಗೆ ತರುವವರ ನಡುವೆಯೇ ಅದು ಓಡಾಡುತ್ತದೆ, ಅದೂ ಟ್ರೇಲರ್ ಮೇಲೆ.

ಇಂಥ ಸಾಲಿನಲ್ಲಿ ನನ್ನ ಆಯ್ಕೆ ಬಣ್ಣ ಮಾಸಿದ, ಸೀಟು ಸವೆದ, 1275 ಸಿಸಿ ಎಂಜಿನ್ ಹಾಕಿದ, ಜೊತೆಗೆ ಒಂದು ಕಟ್ಟು ಗ್ಯಾರೇಜ್ ಬಿಲ್ಲುಗಳಿರುವ ಕಾರು. ಬಿಲ್ಲುಗಳಲ್ಲಿ ಸಿಲ್ ಬದಲಾಯಿಸಿದ ದಿನಾಂಕ ಇರಬೇಕು, ಕೆಲಸ ನಡೆಯುವಾಗ ತೆಗೆದ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಕಡ್ಡಾಯವಿಲ್ಲದಿದ್ದರೂ ಮಾಲೀಕ ಎಂಒಟಿ ಮಾಡಿಸಿಕೊಂಡು ಬಂದಿದ್ದರೆ ಕಣ್ಣುಮುಚ್ಚಿ ಕೈ ಎತ್ತಬಹುದು. ಕ್ಯಾಟಲಾಗಿನ ಅಂದಾಜು ಬೆಲೆಯಲ್ಲಿ ಅದು ಹೊಳೆಯುವ ಕಾರಿಗಿಂತ ಬಹಳ ಕೆಳಗಿರುತ್ತದೆ. 669 ಪೌಂಡಿಗೆ ಹೀಲಿ ಮಾರಲು ಹೊರಟದ್ದಕ್ಕೆ ಹೆಚ್ಚು ಹತ್ತಿರವಿರುವುದೂ ಅದೇ.