ಎಲ್ಲಿ ನಿಂತಿತೆಂದು ನೋಡಿ

ಹಳೆಯ ಟ್ಯಾಬ್ಲೆಟ್‌ಗಳನ್ನು ಮತ್ತೆ ನಡೆಯುವಂತೆ ಮಾಡುವ ಹವ್ಯಾಸವುಳ್ಳವರ ಕೈಗೆ ಒಂದಲ್ಲ ಒಂದು ದಿನ ಬಂದೇ ಬರುವ ಯಂತ್ರವೆಂದರೆ 2012ರ ನೆಕ್ಸಸ್ 7. ಗೂಗಲ್ ಸಂಸ್ಥೆಗಾಗಿ ಏಸುಸ್ ತಯಾರಿಸಿದ, ಎನ್‌ವಿಡಿಯಾದ ಟೆಗ್ರಾ 3 ಚಿಪ್ಪನ್ನು ಒಡಲಲ್ಲಿಟ್ಟುಕೊಂಡ ಈ ಏಳು ಅಂಗುಲದ ಟ್ಯಾಬ್ಲೆಟ್ಟು ಆಂಡ್ರಾಯ್ಡ್ 4.1ರೊಡನೆ ಹುಟ್ಟಿ, 5.1.1ರವರೆಗೆ ಬಂದು, ಅಲ್ಲಿಗೇ ನಿಂತಿತು. ಆದರೂ ಇದರ ಫರ್ಮ್‌ವೇರ್ ಕಡತಗಳನ್ನು ಗೂಗಲ್ ಸಾರ್ವಜನಿಕವಾಗಿ ಇಟ್ಟಿರುವುದರಿಂದ, ಕೆಟ್ಟ ಟ್ಯಾಬ್ಲೆಟ್ಟಿನ ದೋಷಪರೀಕ್ಷೆಯನ್ನು ಅಭ್ಯಾಸಮಾಡುವವನಿಗೆ ಇದಕ್ಕಿಂತ ಉತ್ತಮವಾದ ಪಾಠ ಬೇರೊಂದಿಲ್ಲವೆಂದೇ ನನ್ನ ಅಭಿಪ್ರಾಯ.

‘ಆನ್ ಆಗುತ್ತಿಲ್ಲ’ ಎಂದು ಜನ ಹೇಳುವ ಒಂದೇ ಮಾತಿನಲ್ಲಿ, ಜ್ವರವೆಂಬ ಹೆಸರಿನೊಳಗೆ ಹಲವು ವ್ಯಾಧಿಗಳು ಅಡಗಿರುವಂತೆ, ಪರಸ್ಪರ ಸಂಬಂಧವಿಲ್ಲದ ಹಲವು ದೋಷಗಳು ಅಡಗಿರುತ್ತವೆ. ಅವೆಲ್ಲಕ್ಕೂ ರಿಪೇರಿ ಅಂಗಡಿಯಲ್ಲಿ ದೊರೆಯುವ ಉತ್ತರ ಸಾಮಾನ್ಯವಾಗಿ ಒಂದೇ: ‘ಸಾಫ್ಟ್‌ವೇರ್ ಹೋಗಿದೆ, ಹೊಸದಾಗಿ ಹಾಕಬೇಕು’. ಆದರೆ ಗುಂಡಿಯನ್ನೊತ್ತಿದೊಡನೆ ಮೊದಲು ಚಿಪ್ಪಿನೊಳಗೆ ಅಳಿಸಲಾಗದಂತೆ ಬರೆದಿರುವ ಪುಟ್ಟ ಕ್ರಮವಿಧಿ ಏಳುತ್ತದೆ. ಅದು ಬೂಟ್‌ಲೋಡರನ್ನೂ, ಬೂಟ್‌ಲೋಡರು ಕರ್ನೆಲನ್ನೂ, ಕರ್ನೆಲು ಆಂಡ್ರಾಯ್ಡ್ ವ್ಯವಸ್ಥೆಯನ್ನೂ ಎಬ್ಬಿಸಿ, ಕಟ್ಟಕಡೆಗೆ ನಮ್ಮ ಚಿತ್ರಗಳೂ ಪತ್ರಗಳೂ ಇರುವ ಭಾಗ ತೆರೆದುಕೊಳ್ಳುತ್ತದೆ. ಈ ಸರಪಳಿ ಎಲ್ಲಿ ತುಂಡಾಯಿತೆಂಬುದನ್ನು ನಿಶ್ಚಯಿಸಿಕೊಳ್ಳುವ ಮೊದಲೇ ಫರ್ಮ್‌ವೇರನ್ನು ಹೊಸದಾಗಿ ಬರೆಯಲು, ಅಂದರೆ ಫ್ಲ್ಯಾಶ್ ಮಾಡಲು, ಕೈಹಾಕಿದ್ದರಿಂದ ಸತ್ತ ಟ್ಯಾಬ್ಲೆಟ್ಟುಗಳನ್ನು ಕಂಡಾಗಲೆಲ್ಲ ನನಗೆ ನಿಜವಾಗಿ ಸಂಕಟವಾಗುತ್ತದೆ.

ಪರದೆ ಪೂರ್ತಿ ಕಪ್ಪಾಗಿದ್ದರೆ ಫರ್ಮ್‌ವೇರಿಗಿಂತ ಮುಂಚೆ ಬ್ಯಾಟರಿಯನ್ನು ವಿಚಾರಿಸಬೇಕು. ತಿಂಗಳುಗಟ್ಟಲೆ ಕಪಾಟಿನಲ್ಲಿ ಬಿದ್ದಿದ್ದು ತೀರ ಬರಿದಾದ ಲಿಥಿಯಂ ಬ್ಯಾಟರಿ, ಚಾರ್ಜರ್ ಸಿಕ್ಕಿಸಿದ ಬಹಳ ಹೊತ್ತಿನವರೆಗೂ ಯಾವ ಸೂಚನೆಯನ್ನೂ ಕೊಡದಿರಬಹುದು. ಈ ಯಂತ್ರದ ಬ್ಯಾಟರಿಯ ಸಾಮರ್ಥ್ಯ 4325 ಮಿಲಿಆಂಪ್-ಅವರ್. ಕಂಪ್ಯೂಟರಿನ ಯುಎಸ್‌ಬಿ 2.0 ಪೋರ್ಟು ಕೊಡುವ 500 ಮಿಲಿಆಂಪಿನಿಂದ ಅದು ತುಂಬಬೇಕಾದರೆ ಎಂಟೂವರೆ ಗಂಟೆಯೂ ಸಾಲದಾದುದರಿಂದ, 2 ಆಂಪಿನ ಚಾರ್ಜರನ್ನೇ ಹಾಕಿ, ಕೆಲವು ಗಂಟೆ ಬಿಟ್ಟು, ಪವರ್ ಗುಂಡಿಯನ್ನು ಅರ್ಧ ನಿಮಿಷ ಬಿಡದೆ ಒತ್ತಿಹಿಡಿಯತಕ್ಕದ್ದು. ಫಲ ಕಾಣದಿದ್ದರೆ ಹಿಂಬದಿಯ ಹೊದಿಕೆಯನ್ನು ಅಂಚಿನಲ್ಲಿ ಉಗುರಿನಿಂದ ಮೀಟಿ ತೆಗೆಯಬಹುದು. ಒಳಗೆ ಅಂಟು ಬಳಿದಿಲ್ಲ, ಹೊದಿಕೆ ಟಿಕ್ಕೆಂದು ಬಿಡಿಸಿಕೊಳ್ಳುತ್ತದೆ. ಕೆಳಗೆ ಬಿದ್ದ ಯಂತ್ರಗಳಲ್ಲಿ ಬ್ಯಾಟರಿಯ ಕನೆಕ್ಟರ್ ಕೂದಲೆಳೆಯಷ್ಟು ಸರಿದಿರುವುದುಂಟು. ಅದನ್ನು ಬಿಚ್ಚಿ, ಮತ್ತೆ ಒತ್ತಿ ಕೂರಿಸಿದರೆ ಸಾಕಾಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಚಾರ್ಜ್ ಮಾಡುವ ಗೋಜಿಗೇ ಹೋಗಬಾರದು.

‘ಗೂಗಲ್’ ಎಂಬ ಬಿಳಿಯ ಅಕ್ಷರಗಳು ಮೂಡಿ ಅಲ್ಲಿಯೇ ನಿಂತವೆಂದರೆ ಬೂಟ್‌ಲೋಡರು ಜೀವಂತವಾಗಿದೆ, ಕರ್ನೆಲಿನ ಬಳಿ ತಡೆಯುಂಟಾಗಿದೆ ಎಂದು ಊಹಿಸಬಹುದು. ಅದನ್ನು ದಾಟಿ, ಆಂಡ್ರಾಯ್ಡ್ 4ರ ಆವೃತ್ತಿಗಳಲ್ಲಿ ಕಾಣುವ ಬಣ್ಣಬಣ್ಣದ ‘ಎಕ್ಸ್’ ಚಿಹ್ನೆ ಮಿನುಗುತ್ತ ಗಂಟೆಗಟ್ಟಲೆ ಮುಂದೆ ಸಾಗದಿದ್ದರೆ ಕರ್ನೆಲೂ ನೆಟ್ಟಗಿದೆ, ದೋಷವಿರುವುದು ವ್ಯವಸ್ಥೆಯಲ್ಲಿ ಅಥವಾ ನಮ್ಮ ದತ್ತಾಂಶದ ಭಾಗದಲ್ಲಿ. ಈ ಎರಡನೆಯ ಸ್ಥಿತಿ ಆಶಾದಾಯಕವಾದುದು. ಏಕೆಂದರೆ ಯುಎಸ್‌ಬಿ ಡಿಬಗ್ಗಿಂಗಿಗೆ ನಾವು ಜೋಡಿಸುವ ಕಂಪ್ಯೂಟರಿಗೆ ಹಿಂದೆಯೇ ಅನುಮತಿ ಕೊಟ್ಟಿದ್ದಲ್ಲಿ, ಚಿಹ್ನೆ ಮಿನುಗುತ್ತಿರುವಾಗಲೇ ಎಡಿಬಿ ಎಂಬ ಕಂಪ್ಯೂಟರ್ ಉಪಕರಣದ ಮೂಲಕ ಚಿತ್ರಗಳನ್ನು ಹೊರಗೆಳೆದುಕೊಳ್ಳುವ ಸಾಧ್ಯತೆಯಿದೆ. ಮೊದಲು ಮಾಡಬೇಕಾದ ಕೆಲಸ ಅದೇ. ಬೂಟ್‌ಲೋಡರಿನ ಬೀಗ ತೆಗೆದರೂ, ಫ್ಯಾಕ್ಟರಿ ರೀಸೆಟ್ ಮಾಡಿದರೂ ಒಳಗಿರುವುದೆಲ್ಲ ಅಳಿದುಹೋಗುತ್ತದೆ. ಮಗುವಿನ ಮೊದಲ ಹೆಜ್ಜೆಯ ಚಿತ್ರ ಅದರೊಂದಿಗೆ ಹೋದ ಮೇಲೆ ಯಂತ್ರ ಬದುಕಿದ್ದರಿಂದ ಆಗುವ ಸಂತೋಷವಾದರೂ ಎಷ್ಟು?

ಆ ಬಳಿಕ ಪವರ್ ಗುಂಡಿಯನ್ನೂ ವಾಲ್ಯೂಮ್ ಇಳಿಸುವ ಗುಂಡಿಯನ್ನೂ ಕೂಡಿಸಿ ಒತ್ತಿದರೆ ಬೂಟ್‌ಲೋಡರಿನ ಪರದೆ ತೆರೆಯುವುದು. ಅಲ್ಲಿಂದ ರಿಕವರಿ ಎಂಬ ದುರಸ್ತಿಯ ಭಾಗಕ್ಕೆ ಹೋಗಿ ಮೊದಲು ಕ್ಯಾಶ್, ಅಂದರೆ ತಾತ್ಕಾಲಿಕ ಕಡತಗಳನ್ನು ಮಾತ್ರ ಅಳಿಸಿ ನೋಡತಕ್ಕದ್ದು. ಇಲ್ಲಿ ಒಂದು ವಿಚಿತ್ರವುಂಟು. ಈ ಯಂತ್ರದ ಹಳೆಯ ಬೂಟ್‌ಲೋಡರುಗಳಲ್ಲಿ, ಕಂಪ್ಯೂಟರಿಗೆ ಕೇಬಲ್ ಜೋಡಿಸದೆ ರಿಕವರಿಯನ್ನು ಆರಿಸಿದರೆ ‘ಗೂಗಲ್’ ಅಕ್ಷರಗಳಲ್ಲೇ ಸ್ತಬ್ಧವಾಗಿಬಿಡುತ್ತಿತ್ತು. ರಿಕವರಿಯೇ ಹಾಳಾಗಿದೆಯೆಂದು ಭ್ರಮಿಸಿ ನಿರಪರಾಧಿಯಾದ ಆ ಭಾಗವನ್ನು ಮತ್ತೆ ಬರೆದವರು ಎಷ್ಟೋ ಮಂದಿ. ಕೇಬಲ್ ಜೋಡಿಸಿದರೆ ಮುಗಿಯಿತು. ಮುಂದೆ, ಹೊಟ್ಟೆ ತೆರೆದುಕೊಂಡು ಮಲಗಿರುವ ಆಂಡ್ರಾಯ್ಡ್ ಗೊಂಬೆಯೂ ಕೆಂಪು ತ್ರಿಕೋನವೂ ಕಂಡಾಗ ಗಾಬರಿಪಡಬೇಕಾಗಿಲ್ಲ: ಪವರ್ ಒತ್ತಿಹಿಡಿದು ವಾಲ್ಯೂಮ್ ಏರಿಸುವ ಗುಂಡಿಯನ್ನು ಮುಟ್ಟಿದರೆ ಪಟ್ಟಿ ಇಳಿದುಬರುತ್ತದೆ.

ಕ್ಯಾಶ್ ಅಳಿಸಿದ ಮೇಲೂ, ರೀಸೆಟ್ ಮಾಡಿದ ಮೇಲೂ ಏಳದಿದ್ದರೆ ಫರ್ಮ್‌ವೇರನ್ನು ಪೂರ್ತಿಯಾಗಿ ಬರೆಯಬೇಕು. ವೈಫೈ ಮಾತ್ರವುಳ್ಳ ಮಾದರಿಗೆ ‘ನಕಾಸಿ’, ಸಿಮ್ ಇರುವುದಕ್ಕೆ ‘ನಕಾಸಿಗ್’ ಎಂಬ ಹೆಸರಿನ ಕಡತ; 2013ರ ನೆಕ್ಸಸ್ 7 ಬೇರೆಯೇ ಯಂತ್ರ, ಅದರ ಕಡತವನ್ನು ಇದರ ಹತ್ತಿರ ತರಬಾರದು. ಕೇಬಲ್ ದತ್ತಾಂಶವನ್ನು ಒಯ್ಯುವಂತಹುದಾಗಿರಲಿ. ಚಾರ್ಜಿಗೆಂದೇ ಮಾಡಿದ ಅಗ್ಗದ ಕೇಬಲುಗಳಲ್ಲಿ ಆ ತಂತಿಗಳೇ ಇರುವುದಿಲ್ಲ.

ಕರ್ನೆಲನ್ನಾಗಲಿ ವ್ಯವಸ್ಥೆಯನ್ನಾಗಲಿ ಬರೆಯುವಾಗ ವಿದ್ಯುತ್ತು ಹೋದರೆ ಮತ್ತೆ ಬರೆದುಕೊಳ್ಳಬಹುದು. ಬೂಟ್‌ಲೋಡರನ್ನು ಬರೆಯುವಾಗ ಹೋದರೆ ಸರಪಳಿಯ ಎರಡನೆಯ ಕೊಂಡಿಯೇ ಇಲ್ಲದಂತಾಗಿ, ಪರದೆ ಕಪ್ಪಾಗಿ, ಕಂಪ್ಯೂಟರಿನಲ್ಲಿ ‘ಎಪಿಎಕ್ಸ್’ ಎಂಬ ಮೂರಕ್ಷರದ ಸಾಧನವೊಂದು ಮಾತ್ರ ಕಾಣಿಸಿಕೊಳ್ಳುತ್ತದೆ. ಅದು ಚಿಪ್ಪಿನ ಮೂಲ ಕ್ರಮವಿಧಿಯ ಧ್ವನಿ. ಆದರೆ ಆ ಯಂತ್ರಕ್ಕೇ ಮೀಸಲಾದ ಕೀಲಿಯಿಂದ ಗೂಢೀಕರಿಸಿದ ಕಡತಗಳನ್ನು, ಯಂತ್ರ ಚೆನ್ನಾಗಿದ್ದಾಗಲೇ ತೆಗೆದಿಟ್ಟುಕೊಂಡಿರದಿದ್ದರೆ, ಅದರೊಡನೆ ಸಂಭಾಷಿಸುವುದು ಸುಲಭವಲ್ಲ.

ಆದುದರಿಂದ ಬೂಟ್‌ಲೋಡರು ಸರಿಯಾಗಿದ್ದರೆ ಅದನ್ನು ಮುಟ್ಟದೆ ಉಳಿದ ಭಾಗಗಳನ್ನಷ್ಟೇ ಬರೆಯುವುದು ಲೇಸು. ಮುಟ್ಟಲೇಬೇಕಾಗಿ ಬಂದು, ಹಳೆಯದು ಅಳಿದ ಮೇಲೆ ಹೊಸದನ್ನು ಯಂತ್ರ ಸಹಿ ಹೊಂದುವುದಿಲ್ಲವೆಂದು ತಿರಸ್ಕರಿಸಿತೆನ್ನಿ. ಆ ಗಳಿಗೆಯಲ್ಲಿ ಯಂತ್ರವನ್ನು ಆರಿಸಲೂ ಬಾರದು, ರೀಬೂಟ್ ಮಾಡಲೂ ಬಾರದು, ಕೇಬಲನ್ನು ಕೀಳಲೂ ಬಾರದು. ಪರದೆಯ ಮೇಲಿರುವ ಬೂಟ್‌ಲೋಡರು ಆಗ ನಡೆಯುತ್ತಿರುವುದು ತಾತ್ಕಾಲಿಕ ಸ್ಮೃತಿಯಿಂದ. ಯಂತ್ರಕ್ಕೆ ಶಕ್ತಿಯಿರುವವರೆಗೂ ಅದು ಅಪ್ಪಣೆಗಳನ್ನು ಸ್ವೀಕರಿಸುತ್ತಲೇ ಇರುತ್ತದೆ. ಬೇರೊಂದು ಆವೃತ್ತಿಯ ಫರ್ಮ್‌ವೇರಿನೊಳಗಿಂದ ಸರಿಯಾದ ಬೂಟ್‌ಲೋಡರನ್ನು ಹುಡುಕಿ ತೆಗೆದು, ನಿಧಾನವಾಗಿ ಮತ್ತೊಮ್ಮೆ ಬರೆದು, ಕಂಪ್ಯೂಟರಿನ ಪರದೆಯಲ್ಲಿ ‘ಓಕೆ’ ಎಂದು ಬಂದುದನ್ನು ಕಂಡ ಮೇಲೆಯೇ ರೀಬೂಟ್ ಒತ್ತಬೇಕು.