ಕುಂಬಾರರ ಊರಿನ ಪುರಭವನ

ಇಂಗ್ಲೆಂಡಿನ ಸ್ಟಾಫರ್ಡ್‌ಶೈರ್ ಸೀಮೆಯ ಬರ್ಸ್ಲೆಮ್ ಪಿಂಗಾಣಿಯನ್ನೇ ನಂಬಿ ಬೆಳೆದ ಊರು. ಗೂಡುಗಳ ಕಲ್ಲಿದ್ದಲ ಹೊಗೆ ಗೋಡೆಗಳಿಗೆಲ್ಲ ಮಸಿ ಬಳಿಯುತ್ತಿದ್ದ ಕಾಲದಲ್ಲಿ ಅಲ್ಲಿನವರು ಪೇಟೆಯ ನಡುವೆ ಭವ್ಯ ಪುರಭವನ ಕಟ್ಟಲು ಹೊರಟ ಎದೆಗಾರಿಕೆಗೆ ತಲೆದೂಗಲೇಬೇಕು. ಜಿ. ಟಿ. ರಾಬಿನ್ಸನ್ ವಿನ್ಯಾಸದ ಈ ಕಟ್ಟಡ 1857ರಲ್ಲಿ ಮುಗಿಯಿತು. ಮುಂದೆ ಗಂಭೀರ ಕಂಬಗಳು, ಮೇಲೆ ಗಡಿಯಾರದ ಗೋಪುರ, ಅದರ ತುದಿಯಲ್ಲಿ ಚಿನ್ನದ ಲೇಪದ ರೆಕ್ಕೆಯ ದೇವತೆ. ಹೊಗೆಯೂರಿಗೆ ಹೊನ್ನಿನ ಕಳಶವಿಟ್ಟ ರಸಿಕತೆ ಅದು! ಇದೇ ಸೀಮೆಯ ಕಾದಂಬರಿಕಾರ ಆರ್ನಾಲ್ಡ್ ಬೆನೆಟ್ ಊರಿಗೆ ಬರ್ಸ್ಲೆ ಎಂದು ಹೆಸರಿಟ್ಟು, ಆ ದೇವತೆಯನ್ನೂ ತನ್ನ ಕಥೆಗಳಿಗೆ ಕರೆತಂದ.

1910ರಲ್ಲಿ ಆರು ಪಟ್ಟಣಗಳು ಕೂಡಿ ಸ್ಟೋಕ್-ಆನ್-ಟ್ರೆಂಟ್ ಆದವು. ಬರ್ಸ್ಲೆಮ್‌ನ ಸ್ವಂತ ಆಡಳಿತ ಮುಗಿಯಿತು. ವಿಚಿತ್ರವೆಂದರೆ, ಅದಾದ ಮರುವರ್ಷ ಊರಿನ ಮತ್ತೊಂದು ಪುರಭವನ ಸಿದ್ಧವಾಯಿತು! ಹಳೆಯದು ಸುಮ್ಮನೆ ಕೂರಲಿಲ್ಲ: ಗ್ರಂಥಾಲಯವಾಯಿತು, 2003ರಿಂದ 2011ರವರೆಗೆ ಸೆರಾಮಿಕಾ ಎಂಬ ಪಿಂಗಾಣಿ ಪ್ರದರ್ಶನಾಲಯವಾಯಿತು, ಆಮೇಲೆ ವಿದ್ಯಾರ್ಥಿಗಳ ಪಾಠಶಾಲೆಯೂ ಆಯಿತು. ಅಧಿಕಾರ ಹೋದರೂ ಊರಿಗೆ ಬೇಕಾಗಿ ಉಳಿದದ್ದೇ ಈ ಕಟ್ಟಡದ ನಿಜವಾದ ಹಿರಿಮೆ.