ತಂತಿ ಕಳಚಿದ ಕ್ಯಾಮೆರಾ

ಬೆಳಗಾವಿಯ ರಾಜ್ಯೋತ್ಸವವನ್ನು ಟಿವಿಯಲ್ಲಿ ನೋಡುವುದಕ್ಕೂ ಒಂದು ಸುಖವಿದೆ. ನವೆಂಬರ್ 1ರ ಸಂಜೆ ರಾಣಿ ಚನ್ನಮ್ಮ ವೃತ್ತದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ರೂಪಕ ಹೊತ್ತ ವಾಹನಗಳು ಒಂದರ ಹಿಂದೊಂದು, ನಡುವೆ ಕುಣಿಯುವ ಹುಡುಗರು, ತಲೆಯ ಮೇಲೆಲ್ಲ ಬಾವುಟ. ಆ ಗದ್ದಲದೊಳಗೆ ಹೆಗಲ ಮೇಲಿನ ಕ್ಯಾಮೆರಾ ನುಗ್ಗಿ ಹೊರಟರೆ ಕಣ್ಣಿಗೆ ಹಬ್ಬ. ಬಾವುಟವೊಂದು ಲೆನ್ಸ್ ಸವರಿಕೊಂಡು ಹೋಗುತ್ತದೆ. ಪರದೆ ತುಂಬ ಹಳದಿ, ಮರುಕ್ಷಣ ಕೆಂಪು. ಬಾವುಟ ಸರಿದರೆ ಬೆವರಲ್ಲಿ ತೊಯ್ದ ಹುಡುಗನ ಮುಖ, ಅವನ ಬೆನ್ನ ಹಿಂದೆ ಕುದುರೆಯೇರಿದ ಚನ್ನಮ್ಮ. ಎಲ್ಲೂ ಕತ್ತರಿ ಬೀಳದೆ, ಒಂದೇ ಉಸಿರಿನಲ್ಲಿ.

ಕೇಬಲ್ ಕಟ್ಟಿದ ಕ್ಯಾಮೆರಾಕ್ಕೆ ಈ ಭಾಗ್ಯವಿರಲಿಲ್ಲ. ಹೊರಾಂಗಣ ಪ್ರಸಾರದ ಓಬಿ ವ್ಯಾನಿನಿಂದ ತಂತಿ ಎಷ್ಟು ದೂರ ಬರುತ್ತದೋ ಅಷ್ಟೇ ಅದರ ಲೋಕ. ಈಗ ಕ್ಯಾಮೆರಾದ ಬೆನ್ನಿಗೆ ಅಂಟಿದ ಪುಟ್ಟ ಟ್ರಾನ್ಸ್‌ಮಿಟರ್ ಚಿತ್ರವನ್ನು ಗಾಳಿಗೆ ಬಿಡುತ್ತದೆ.

ಹಾಗೆ ಬಿಡುವ ರೀತಿ ಸೊಗಸಾದದ್ದು. ಬೆಳಗಾವಿಯ ಖಡೇಬಜಾರಿನಂಥ ಇಕ್ಕಟ್ಟಿನ ಬೀದಿಯಲ್ಲಿ ರೇಡಿಯೊ ಅಲೆ ನೇರ ದಾರಿಯೊಂದನ್ನೇ ಹಿಡಿಯುವುದಿಲ್ಲ. ಗೋಡೆಗೆ, ಅಂಗಡಿಯ ಶಟರಿಗೆ, ಲಾರಿಯ ಮೈಗೆ ಬಡಿದು ಹತ್ತು ಕಡೆಯಿಂದ, ಹತ್ತು ಹೊತ್ತಿಗೆ ಬಂದು ಸೇರುತ್ತದೆ. ಹಳೆಯ ಅನಲಾಗ್ ಲಿಂಕಿನಲ್ಲಿ ಇದರಿಂದ ಚಿತ್ರಕ್ಕೆ ನೆರಳು ಬೀಳುತ್ತಿತ್ತು, ಕೆಲವೊಮ್ಮೆ ಚಿತ್ರವೇ ಒಡೆಯುತ್ತಿತ್ತು. ಸಿಓಎಫ್‌ಡಿಎಂ ಎಂಬ ವಿಧಾನ ಚಿತ್ರದ ಮಾಹಿತಿಯನ್ನು ನೂರಾರು ಸಣ್ಣ ಅಲೆಗಳಿಗೆ ಹಂಚುತ್ತದೆ. ಡಿಜಿಟಲ್ ಟಿವಿ ಪ್ರಸಾರದ ಡಿವಿಬಿ-ಟಿ ಮಾನದಂಡದ 2ಕೆ ಬಗೆಯಲ್ಲಿ ಅವು 1705. ಮಾಹಿತಿ ಕಂತುಕಂತಾಗಿ ಹೋಗುತ್ತದೆ, ಪ್ರತಿ ಎರಡು ಕಂತುಗಳ ನಡುವೆ ಚಿಕ್ಕ ಬಿಡುವು. ಆ ಬಿಡುವು 7 ಮೈಕ್ರೊಸೆಕೆಂಡ್ ಇದ್ದರೂ ಸಾಕು, ಅಷ್ಟರಲ್ಲಿ ಅಲೆ 2 ಕಿಲೋಮೀಟರ್ ಕ್ರಮಿಸಿರುತ್ತದೆ. ಬೀದಿಯ ಪ್ರತಿಧ್ವನಿಗಳೆಲ್ಲ ಆ ಬಿಡುವಿನಲ್ಲೇ ಅಡಗಿಹೋಗುತ್ತವೆ. ನಗರದ ಗೋಡೆಗಳ ಜೊತೆ ಜಗಳವಾಡದೆ ಅವುಗಳ ನಡುವೆಯೇ ದಾರಿ ಮಾಡಿಕೊಳ್ಳುವ ಈ ಜಾಣ್ಮೆಗೆ ನಾನು ಮಾರುಹೋಗಿದ್ದೇನೆ.

ಸುದ್ದಿವಾಹಿನಿಗಳ ವರದಿಗಾರರು ಬೆನ್ನಿಗೆ ಹೊರುವ ಬ್ಯಾಕ್‌ಪ್ಯಾಕಿನದು ಇನ್ನೊಂದು ದಾರಿ. ಅದರೊಳಗೆ ಹಲವು ಸಿಮ್‌ಗಳು. ನೂರು ಕೈ ಸೇರಿ ತೇರೆಳೆದಂತೆ ಒಂದೇ ಚಿತ್ರವನ್ನು ಎಲ್ಲವೂ ಕೂಡಿ ಎಳೆಯುತ್ತವೆ. ಹಲಗಾದ ಬಳಿ 2012ರಲ್ಲಿ ಉದ್ಘಾಟನೆಯಾದ ಸುವರ್ಣ ವಿಧಾನಸೌಧದ ಚಳಿಗಾಲದ ಅಧಿವೇಶನದಲ್ಲಿ ಮಂತ್ರಿಗಳ ಜೊತೆ ಹೆಜ್ಜೆ ಹಾಕುತ್ತಲೇ ಪ್ರಶ್ನೆ ಕೇಳುವ ಚಿಟ್‌ಚಾಟ್ ಸಾಧ್ಯವಾಗುವುದು ಹೀಗೆ. ಆದರೆ ಮೆರವಣಿಗೆಯಲ್ಲಿ ಎಲ್ಲರ ಕೈಯಲ್ಲೂ ಮೊಬೈಲು. ಟವರ್ ಮೇಲೆ ಹೊರೆ ಬಿದ್ದ ಕೂಡಲೇ ಚಿತ್ರ ಚೌಕಚೌಕವಾಗಿ ಒಡೆಯುತ್ತದೆ. ತನ್ನದೇ ತರಂಗಾಂತರವಿರುವ ಲಿಂಕಿನ ಬೆಲೆ ಆಗ ತಿಳಿಯುತ್ತದೆ.

ವಾಹನಕ್ಕೂ ವಿಮಾನಕ್ಕೂ ತಂತಿಯಿಲ್ಲದೆ ಚಿತ್ರ ಕಳಿಸುವ ಈ ವಿದ್ಯೆಯಲ್ಲಿ ಹಳೆಯ ನಂಟು. 1979ರಲ್ಲಿ ಆಸ್ಟ್ರೇಲಿಯಾದ ಬಾಥರ್ಸ್ಟ್ ಕಾರು ಓಟದಲ್ಲಿ ಕಾರಿನೊಳಗಿನ ಕ್ಯಾಮೆರಾ ಕಳಿಸಿದ ಚಿತ್ರವನ್ನು ಮೇಲೆ ಹಾರುತ್ತಿದ್ದ ಹೆಲಿಕಾಪ್ಟರ್ ಹಿಡಿದು ಕೆಳಗೆ ದಾಟಿಸಿತು. ಟೂರ್ ಡಿ ಫ್ರಾನ್ಸ್ ಸೈಕಲ್ ಓಟದಲ್ಲೂ ಹೀಗೆಯೇ: ಬೈಕಿನ ಹಿಂಬದಿಯ ಕ್ಯಾಮೆರಾದಿಂದ ವಿಮಾನಕ್ಕೆ, ಅಲ್ಲಿಂದ ನೆಲಕ್ಕೆ. ಬೆಟ್ಟ ಅಡ್ಡ ಬಂದರೆ ಆಕಾಶವೇ ಗತಿ.

ಈ ಮಾತು ಬೆಳಗಾವಿ ಜಿಲ್ಲೆಯ ಖಾನಾಪುರಕ್ಕೆ ಬಂದರೆ ಚೆನ್ನಾಗಿ ಅರ್ಥವಾಗುತ್ತದೆ. ಜಾಂಬೋಟಿ ದಾಟಿ ಕಣಕುಂಬಿಯ ಕಡೆ ಹೊರಟರೆ ರಸ್ತೆ ಕಾಡಿನೊಳಗೆ ತಿರುಗುತ್ತ ಸಾಗುತ್ತದೆ. ಮಳೆಗಾಲದ ಒದ್ದೆ ಎಲೆಗಳು ಮೈಕ್ರೊವೇವ್ ಅಲೆಯನ್ನು ಹೀರಿಕೊಳ್ಳುತ್ತವೆ. ಮೊಬೈಲ್ ಸಿಗ್ನಲ್ ಬಂದುಹೋಗುವ ನೆಂಟ. ಇಲ್ಲಿ ನೆಚ್ಚಬೇಕಾದದ್ದು ಉಪಗ್ರಹದ ಮೂಲಕ ಚಿತ್ರ ಕಳಿಸುವ ಡಿಎಸ್‌ಎನ್‌ಜಿ ವ್ಯಾನನ್ನು. ಬಯಲು ಹುಡುಕಿ ನಿಲ್ಲಿಸಿ, ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಕ್ಕೆ ತಟ್ಟೆ ಹೂಡಬೇಕು. ಚಿತ್ರ ಅಲ್ಲಿಗೆ ಹೋಗಿ ಇಳಿದು ಬರಲು ಹೆಚ್ಚುಕಡಿಮೆ ಕಾಲು ಸೆಕೆಂಡ್. ಸ್ಟುಡಿಯೊದಿಂದ ಪ್ರಶ್ನೆ ಬಂದಾಗ ಕೊಡೆ ಹಿಡಿದು ನಿಂತ ವರದಿಗಾರ ತುಸು ತಡೆದು ತಲೆಯಾಡಿಸುತ್ತಾನಲ್ಲ, ಆ ತಡೆಯೂ ನನಗೆ ಪ್ರಿಯ. ಮಲಪ್ರಭೆ ಹುಟ್ಟುವ ಕಣಕುಂಬಿಯ ಮಳೆ ಎಷ್ಟು ದೂರ ಸುತ್ತಿ ಮನೆಗೆ ಬಂತು ಎಂಬುದನ್ನು ಅದು ಹೇಳುತ್ತದೆ.

ಇಷ್ಟು ಕಷ್ಟಪಟ್ಟು ತಂದ ಚಿತ್ರವನ್ನು ನಮ್ಮ ವಾಹಿನಿಗಳು ಪರದೆಯ ಮೂಲೆಯ ಪೆಟ್ಟಿಗೆಗೆ ತುರುಕುತ್ತವೆ. ಮೇಲೆ ಬ್ರೇಕಿಂಗ್ ಪಟ್ಟಿ, ಕೆಳಗೆ ಜಾಹೀರಾತು, ಪಕ್ಕದಲ್ಲಿ ನಾಲ್ವರ ವಾಗ್ವಾದ. ತಂತಿಯಿಂದ ಬಿಡುಗಡೆ ಪಡೆದ ಕ್ಯಾಮೆರಾವನ್ನು ಮತ್ತೆ ಕಟ್ಟಿಹಾಕಬೇಡಿ. ಮುಂದಿನ ನವೆಂಬರ್ 1ರ ರಾತ್ರಿ ಬೆಳಗಾವಿಯ ಬೀದಿಯಲ್ಲಿ, ಅದರ ಮುಂದಿನ ಆಷಾಢದಲ್ಲಿ ಕಣಕುಂಬಿಯ ಮಳೆಯಲ್ಲಿ, ಐದೇ ನಿಮಿಷ ಕ್ಯಾಮೆರಾ ತನ್ನ ಪಾಡಿಗೆ ನಡೆಯಲಿ. ಪೂರ್ತಿ ಪರದೆ ಕೊಡಿ, ಅಲ್ಲಿನ ಸದ್ದಷ್ಟನ್ನೇ ಕೇಳಿಸಿ. ಜನ ಚಾನೆಲ್ ಬದಲಿಸುವುದಿಲ್ಲ.